ಜೋಡುನಳಿಗೆ ಕೋವಿಯ ಐದು ಅಂಕಿ

2024ರ ಅಕ್ಟೋಬರ್ 23, ಬುಧವಾರ. ಬೆಳಿಗ್ಗೆ 11.20ಕ್ಕೆ ಜಯಶೀಲ ಶೆಟ್ಟಿಯವರು ಬೊಂಬಾಯಿ ಪಕ್ಕದ ಥಾಣೆಯಲ್ಲಿ ವರ್ತಕ ನಗರದ ಪೊಲೀಸ್ ಠಾಣೆಗೆ ಬಂದದ್ದು ಕೋವಿ ಒಪ್ಪಿಸಿ, ರಸೀದಿ ಪಡೆದು, ಊಟದ ಹೊತ್ತಿಗೆ ಮನೆಗೆ ಹೋಗಲಿಕ್ಕೆ. ವಿಧಾನಸಭಾ ಚುನಾವಣೆಯ ನೀತಿಸಂಹಿತೆ ಜಾರಿಯಾಗಿ ಎಂಟು ದಿನವಾಗಿತ್ತು. ಮತ ಎಣಿಕೆ ಮುಗಿಯುವ ತನಕ ಆಯುಧವನ್ನು ಠಾಣೆಯಲ್ಲಿ ಇಡತಕ್ಕದ್ದು ಎಂದು ಪರವಾನಗಿದಾರರಿಗೆ ನೋಟಿಸು ಹೋಗಿತ್ತು. ಬಿಲ್ಡರುಗಳು ತಮ್ಮ ಪಿಸ್ತೂಲುಗಳನ್ನು ಸೀರೆ ಅಂಗಡಿಯ ಚೀಲದಲ್ಲಿ ಸುತ್ತಿ ತಂದು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದರು. ಶೆಟ್ಟರು ತಂದದ್ದು ಒಳಗೆ ಕೆಂಪು ಮಖಮಲ್ ಹಾಸಿದ ಪೆಟ್ಟಿಗೆಯಲ್ಲಿ. ಹೊತ್ತು ತರಲಿಕ್ಕೆ ಡ್ರೈವರ್ ಇದ್ದ.

ಆಯುಧಗಳನ್ನು ಬರೆದುಕೊಳ್ಳುವ ಕೆಲಸ ಹವಾಲ್ದಾರ್ ಮುರಾರಿ ಕಾಂಬಳೆಯದು. ನಿಪ್ಪಾಣಿ ಕಡೆಯವನು; ಇಪ್ಪತ್ತೇಳು ವರ್ಷದ ಸರ್ವಿಸು. ನಂಬರುಗಳನ್ನು ಲಾಟರಿ ಫಲಿತಾಂಶ ಓದುವವನಂತೆ ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದುವುದು ಅವನ ಅಭ್ಯಾಸ. ಠಾಣೆಯಲ್ಲಿ ಎಲ್ಲರೂ ಇದಕ್ಕೆ ನಗುತ್ತಿದ್ದರು.

"ಲೈಸನ್ಸ್‌ನ್ಯಾಗ ನಾಕು, ಸೊನ್ನಿ, ಎರಡು, ಮೂರು, ಒಂದು," ಎಂದು ಓದಿ ಭೂತಗನ್ನಡಿಯನ್ನು ಕೋವಿಯ ಟ್ರಿಗರಿನ ಕೆಳಗಿನ ಪಟ್ಟಿಯ ಮೇಲೆ ಹಿಡಿದ. "ಕೋವಿ ಮ್ಯಾಲ ಒಂದು, ಒಂದು, ಎರಡು, ಏಳು, ಎಂಟು. ಸಾಹೇಬ್ರ, ಇದು ಯಾರ ಕೋವಿ?"

"ಯಾರದ್ದು ಎಂತ ಕೇಳುದು ಮಾರಾಯ್ರೆ? ನನ್ನದೇ. ನಮ್ಮ ಅಜ್ಜ ತರಿಸಿದ್ದು. ಲಂಡನ್ನಿಂದ."

"ಲಂಡನ್ ದೂರ ಐತ್ರಿ. ನಂಬರ ಇಲ್ಲೇ ಐತಿ. ನೀವ ನೋಡ್ರಿ."

ಶೆಟ್ಟರು ಕನ್ನಡಕ ಹಾಕಿಕೊಂಡು ನೋಡಿದರು. ಲೈಸನ್ಸ್ ನೋಡಿದರು. ಮತ್ತೆ ಕೋವಿ ನೋಡಿದರು. ಆಮೇಲೆ ಅವರು ಆಡಿದ ಮಾತು ಠಾಣೆಯ ಹೊರಗೆ ಪಾನ್ ಅಂಗಡಿಯವನಿಗೂ ಕೇಳಿಸಿತು. ಸಾರಾಂಶ ಇಷ್ಟು: ತನ್ನ ಕೋವಿಯನ್ನು ಯಾರೋ ಬದಲಾಯಿಸಿದ್ದಾರೆ, ಈಗಿಂದೀಗಲೇ ದೂರು ಬರೆದುಕೊಳ್ಳಬೇಕು.

ಸಬ್‌ಇನ್ಸ್‌ಪೆಕ್ಟರ್ ಸ್ವರ್ಣಲತಾ ಕೋಟ್ಯಾನ್ 12.05ಕ್ಕೆ ದೂರು ಬರೆದುಕೊಳ್ಳಲು ಕುಳಿತಳು. ಠಾಣೆಯ ಮುಖ್ಯಸ್ಥರಾದ ಸೀನಿಯರ್ ಸಾಹೇಬರು ಈ ಕೇಸನ್ನು ಅವಳ ಕಡೆಗೆ ತಳ್ಳಿದ್ದಕ್ಕೆ ಕಾರಣ ಒಂದೇ: "ತುಮ್‌ಚ್ಯಾ ಲೋಕಾಂಚಂ ಆಹೇ." ನಿಮ್ಮ ಜನರದ್ದೇ, ಎಂದು.

"ಕೋಟ್ಯಾನ್ ಅಂದ್ರೆ ಊರಲ್ಲಿ ಎಲ್ಲಿ?" ಶೆಟ್ಟರು ಮೊದಲು ಕೇಳಿದ್ದು ಅದನ್ನು. ಥಾಣೆ ನಗರದಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿ ಅವರಿಗೆ ಈ ಪ್ರಶ್ನೆ ಉಸಿರಾಟದಷ್ಟೇ ಸಹಜವಾಗಿತ್ತು. ಮದುವೆ, ಆಸ್ಪತ್ರೆ, ಬ್ಯಾಂಕು, ಪೊಲೀಸು, ಎಲ್ಲಿ ಹೋದರೂ ತುಳುವರ ಹೆಸರು ಕಿವಿಗೆ ಬಿದ್ದರೆ ಊರು ಕೇಳದೆ ಮುಂದಿನ ಮಾತಿಲ್ಲ.

"ಡೊಂಬಿವಿಲಿ."

"ಅದು ಇಲ್ಲಿ ಆಯ್ತಮ್ಮ. ಊರಲ್ಲಿ?"

"ಉಡುಪಿ ಹತ್ರ. ಎರಡು ಸಲ ಹೋಗಿದ್ದೇನೆ. ಕೋವಿ ಯಾರ ಕೈಗೆ ಕೊಟ್ಟಿದ್ರಿ?"

ಜಯಶೀಲ ಶೆಟ್ಟಿ, ವಯಸ್ಸು 64, ಊರಿನಲ್ಲಿ ಪೆರ್ಮಜಾಲುಗುತ್ತು ಎಂಬ ಜಮೀನ್ದಾರಿ ಮನೆತನದವರು. ಹನ್ನೆರಡು ಬೋರಿನ ಜೋಡುನಳಿಗೆ ಕೋವಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವರಿಗೆ. ಹೊಡೆಯಲಿಕ್ಕೆ ಏನೂ ಉಳಿದಿಲ್ಲವಾದ್ದರಿಂದ ತೋರಿಸಲಿಕ್ಕಾದರೂ ಚೆಂದ ಇರಲಿ ಎಂದು ಜೂನ್ 12ರಂದು ವಾಗ್ಳೆ ಎಸ್ಟೇಟಿನ ಮನೀಶ್ ದೋಶಿ ಎಂಬವರ ಕೋವಿ ವರ್ಕ್‌ಶಾಪಿಗೆ ಕೊಟ್ಟಿದ್ದರು. ಹಳೆಯ ಮರ ತೆಗೆದು ಕಾಶ್ಮೀರದ ಅಕ್ರೋಟ್ ಮರದ ಹಿಡಿ, ಅದೂ ಇವರ ತೋಳಿನ ಅಳತೆಗೆ. ನಳಿಗೆಗಳಿಗೆ ಹೊಸ ನೀಲಿಗಪ್ಪು. ಟ್ರಿಗರಿನ ಮೇಲೆ ಎರಡೂ ಬದಿಗೆ ಇರುವ ಉಕ್ಕಿನ ತಗಡುಗಳ ಮೇಲೆ ಹಂದಿಬೇಟೆಯ ಕೆತ್ತನೆ; ಮಾದರಿಗೆ ಮನೆಯ ಹಳೆಯ ಫೋಟೋ ಕೊಟ್ಟದ್ದು. ಅಕ್ಟೋಬರ್ 10ರಂದು ಮಗ ಹಿತೇಶ್ ಅದನ್ನು ಬಿಡಿಸಿಕೊಂಡು ಬಂದ. ಮರುದಿನ ಆಯುಧಪೂಜೆ. ಗೊಂಡೆ ಹೂವು, ಕುಂಕುಮ, ಇನ್ನೂರು ಜನ.

"ಪೂಜೆ ದಿನ ನಂಬರ್ ನೋಡಿರ್ಲಿಲ್ವಾ?"

"ನಂಬರ್ ಯಾರು ನೋಡ್ತಾರೆ? ಎಲ್ಲರೂ ಚಿತ್ರ ನೋಡಿದ್ರು."

ಅಪರಿಚಿತರ ಮೇಲೆ ಎಫ್‌ಐಆರ್ ಆಯಿತು. ಕೋವಿಯ ಪಂಚನಾಮೆಯನ್ನು ಹೊಸ ಕಾಯ್ದೆಯ ಪ್ರಕಾರ ಮುರಾರಿ ಮೊಬೈಲಿನಲ್ಲಿ ಚಿತ್ರೀಕರಿಸಿದ. ಮೊದಲ ನಾಲ್ಕು ನಿಮಿಷದಲ್ಲಿ ಅವನ ಹೆಬ್ಬೆರಳು ಮಾತ್ರ ಇದೆ.

*

24ರ ಗುರುವಾರ ಮಧ್ಯಾಹ್ನ 3 ಗಂಟೆಗೆ ಪೊಲೀಸ್ ಮುಖ್ಯಾಲಯದಿಂದ ಆರ್ಮರರ್ ಬಂದ. ಶಸ್ತ್ರಾಗಾರದಲ್ಲಿ ಕೋವಿಗಳ ರಿಪೇರಿ ಮಾಡುವ ಮನುಷ್ಯ. ಜನರ ಮುಖ ನೋಡುವ ಅಭ್ಯಾಸ ಇಲ್ಲ. ಕೋವಿಯನ್ನು ಮಡಚಿ, ನಳಿಗೆಯ ಅಡಿಯ ಮರವನ್ನು ಕಳಚಿ, ಬಿಚ್ಚಿದ ಭಾಗವನ್ನು ಮುರಾರಿಯ ಮುಂದೆ ಹಿಡಿದ.

"ನಾಕು, ಸೊನ್ನಿ, ಎರಡು, ಮೂರು, ಒಂದು," ಎಂದ ಮುರಾರಿ. "ಲೇ, ಇದು ಅವ್ರದ್ದ ಐತಿ!"

ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದೇ ನಂಬರು ಮೂರು ಕಡೆ ಇರುತ್ತದೆಂದು ಆರ್ಮರರ್ ಹೇಳಿದ. ಮರದ ಅಡಿಯ ಎರಡು ಕಡೆ ಹಳೆಯ ನಂಬರು ಹಾಗೆಯೇ ಇತ್ತು. ಟ್ರಿಗರಿನ ಪಟ್ಟಿಯ ಮೇಲೆ ಬೆರಳಾಡಿಸಿದರೆ ಮಾತ್ರ ಸಣ್ಣ ತಗ್ಗು ತಾಗುತ್ತಿತ್ತು. ಹಳೆಯದನ್ನು ಉಜ್ಜಿ ತೆಗೆದು ಹೊಸದನ್ನು ಕೊರೆಯಲಾಗಿತ್ತು.

"ಅಂದ್ರೆ ಕೋವಿ ಬದಲಾಗಿಲ್ಲ," ಎಂದಳು ಸ್ವರ್ಣಲತಾ.

"ಇಲ್ಲ. ಮತ್ತೆ ಇದು ಕಳ್ಳನ ಕೆಲಸವೂ ಅಲ್ಲ ಮೇಡಂ. ಕಳ್ಳ ಮೂರೂ ಕಡೆ ಒರೆಸ್ತಾನೆ. ಇವನು ಪೊಲೀಸರು ನೋಡುವ ಕಡೆ ಮಾತ್ರ ಒರೆಸಿದ್ದಾನೆ." ಆರ್ಮರರ್ ಅಂಕಿಗಳನ್ನು ಮತ್ತೊಮ್ಮೆ ನೋಡಿದ. "ಕೈ ಚೆನ್ನಾಗಿದೆ. ಅಚ್ಚಲ್ಲ, ಉಳಿಯಲ್ಲಿ ಕೊರೆದದ್ದು. ಅವಸರವೇ ಇಲ್ಲ."

ಕೋವಿ ಬದಲಾಗಿಲ್ಲ ಎಂಬುದು ಶೆಟ್ಟರಿಗೆ ಸಂತೋಷದ ಸುದ್ದಿಯಾಗಬೇಕಿತ್ತು. ಆಗಲಿಲ್ಲ. ಆಯುಧ ಕಾಯ್ದೆಯ ಎಂಟನೇ ಕಲಮು ಹೇಳುವುದು ಹೀಗೆ: ನಂಬರು ಅಳಿಸಿದ ಕೋವಿ ಯಾರ ಕೈಯಲ್ಲಿ ಸಿಕ್ಕಿತೋ ಅವರೇ ಅಳಿಸಿದ್ದಾರೆಂದು ತಿಳಿಯತಕ್ಕದ್ದು. ಅಲ್ಲ ಎಂದು ತೋರಿಸುವ ಹೊಣೆ ಅವರದೇ. ತೋರಿಸಲಾಗದಿದ್ದರೆ ವರ್ಷಗಟ್ಟಲೆ ಜೈಲು.

ಸೀನಿಯರ್ ಸಾಹೇಬರು ಕಾಗದ ಓದಿ ಚಹಾ ಮುಗಿಸಿದರು. "ಸೋಮವಾರದವರೆಗೆ ನೋಡು. ಬೇರೆ ಯಾರೂ ಸಿಗದಿದ್ರೆ ದೂರುದಾರನನ್ನೇ ಒಳಗೆ ಹಾಕು. ಚುನಾವಣೆ ಹೊತ್ತಲ್ಲಿ ನಂಬರಿಲ್ಲದ ಕೋವಿ ನನ್ನ ತಲೆ ಮೇಲೆ ಬೇಡ."

ಸ್ವರ್ಣಲತಾ ಫೋನಿನಲ್ಲಿ ವಿಷಯ ತಿಳಿಸಿದಾಗ ಶೆಟ್ಟರ ದನಿ ಏರಿತು. "ದೂರು ಕೊಟ್ಟವ ನಾನು!"

"ಹೌದು. ಕೋವಿ ಇಟ್ಕೊಂಡವರೂ ನೀವೇ."

"ನನ್ನ ಕೋವಿಯ ನಂಬರ್ ನಾನೇ ಯಾಕೆ ಅಳಿಸ್ಲಿ?"

"ಅದನ್ನೇ ಕಾಯ್ದೆ ನಿಮ್ಮತ್ರ ಕೇಳುದು ಶೆಟ್ರೆ."

*

25ರ ಶುಕ್ರವಾರ ಬೆಳಿಗ್ಗೆ 10.30ಕ್ಕೆ ಕಳಂಬೋಲಿ. ಲಾರಿಗಳು, ಕಬ್ಬಿಣದ ಸರಳುಗಳು, ಹಲ್ಲಿಗೆ ಅಂಟುವ ಧೂಳು. ಹಿತೇಶ್‌ನ ಅಂಗಡಿ ಅಲ್ಲಿಯೇ. ಅವನು ಉಕ್ಕನ್ನು ಟನ್ನಿನ ಲೆಕ್ಕದಲ್ಲಿ ನೋಡುವವನಾದ್ದರಿಂದ ಅಪ್ಪನ ಮೂರು ಕಿಲೋದ ಕೋವಿಯ ಬಗ್ಗೆ ವಿಶೇಷ ಗೌರವ ಇರಲಿಲ್ಲ.

"ಹತ್ತನೇ ತಾರೀಕು ವಾಗ್ಳೆ ಎಸ್ಟೇಟಿಂದ ನೇರ ಮನೆಗೆ ಹೋದ್ರಾ?"

"ನಹೀ ಮೇಡಂ. ಇಲ್ಲಿ ಬಂದೆ. ಗಾಡಿ ಖಾಲಿ ಮಾಡೋದಿತ್ತು. ಗನ್ ಡಿಕ್ಕಿಯಲ್ಲಿ ಥಾ."

"ಎಷ್ಟು ಹೊತ್ತು?"

"ದೋ ಘಂಟೆ. ಲಾಕ್ ಥಾ." ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುವಾಗ ಮಾತ್ರ ಅರ್ಧ ದಾರಿಯಲ್ಲಿ ಇಳಿದುಬಿಡುತ್ತಿತ್ತು. "ಪಪ್ಪ ಎಷ್ಟು ಸಲ ಫೋನ್ ಮಾಡಿದ್ರು ಗೊತ್ತಾ? ಬಂದ್ಯಾ, ತಂದ್ಯಾ, ಸ್ಕ್ರ್ಯಾಚ್ ಆಯ್ತಾ. ನಾನು ಹುಟ್ಟಿದಾಗ ಕೂಡ ಇತನಾ ಫೋನ್ ನಹೀ ಕಿಯಾ ಹೋಗಾ."

ಎರಡು ಗಂಟೆಯಲ್ಲಿ ಉಜ್ಜಿ, ಕೊರೆದು, ಮತ್ತೆ ಬಣ್ಣ ಹಾಕಿಸಲಾಗದು ಎಂದು ಆರ್ಮರರ್ ಮೊದಲೇ ಹೇಳಿದ್ದ. ಗೇಟಿನ ಕ್ಯಾಮೆರಾದಲ್ಲಿ ಡಿಕ್ಕಿ ತೆರೆದ ದೃಶ್ಯವೂ ಇರಲಿಲ್ಲ. ಸ್ವರ್ಣಲತಾ ಜೀಪು ತಿರುಗಿಸಿದಳು.

26ರ ಶನಿವಾರ, 11.00. ವಾಗ್ಳೆ ಎಸ್ಟೇಟಿನಲ್ಲಿ ಒಂದು ಡಬ್ಬಿ ಕಾರ್ಖಾನೆಯ ಹಿಂದೆ ಮನೀಶ್ ದೋಶಿಯ ವರ್ಕ್‌ಶಾಪು. ಕಬ್ಬಿಣದ ಬಾಗಿಲು ಎರಡು, ಬೀಗ ನಾಲ್ಕು. ಒಳಗೆ ಎಣ್ಣೆಯ ವಾಸನೆ, ಮರದ ಪುಡಿ, ಕಿಟಕಿಯ ಬೆಳಕಿಗೆ ಮುಖ ಮಾಡಿದ ಒಂದು ಖಾಲಿ ಸ್ಟೂಲು. ಲೈಸನ್ಸು ಮನೀಶನದು, ಬೋರ್ಡಿನ ಮೇಲಿನ ಹೆಸರು ಅವನ ತಂದೆಯದು. ಕೆಲಸ ಮಾಡುವ ಕೈಗಳು ಯಾರವೆಂದು ಅದರಲ್ಲಿ ಇರಲಿಲ್ಲ.

ರಿಜಿಸ್ಟರಿನಲ್ಲಿ ಕೋವಿ ಒಳಗೆ ಬಂದಾಗ 40231. ಹೊರಗೆ ಹೋದಾಗಲೂ 40231.

"ಹೊರಗೆ ಹೋಗುವಾಗ ಕೋವಿ ನೋಡಿ ಬರೆದದ್ದಾ, ಮೇಲಿನ ಸಾಲು ನೋಡಿ ಬರೆದದ್ದಾ?"

ಮನೀಶ್ ಹಿಂದಿಯಲ್ಲಿ ಪ್ರಾಮಾಣಿಕವಾಗಿ ಉತ್ತರಿಸಿದ. ಮೇಲಿನ ಸಾಲು ನೋಡಿ. ಮೂವತ್ತು ವರ್ಷದಿಂದ ಹಾಗೆಯೇ ಬರೆಯುತ್ತಿದ್ದಾನಂತೆ. ನಂಬರಿಗೆ ತನ್ನಿಂದ ತಾನೇ ಬದಲಾಗುವ ಅಭ್ಯಾಸ ಇರಲಿಲ್ಲ.

"ಕೆತ್ತನೆ ಮಾಡಿದವರು?"

"ಪೂವಪ್ಪ ಕಾಕಾ. ನಿಮ್ಮ ಕಡೆಯವರೇ. ನನ್ನ ತಂದೆಯ ಕಾಲದಿಂದ ನಲವತ್ತಾರು ವರ್ಷ ಇಲ್ಲಿದ್ದರು. ಒಂಬತ್ತನೇ ತಾರೀಕು ಈ ಕೋವಿ ಮುಗಿಸಿ ಬೀಗದ ಕೈ ಕೊಟ್ಟು ಹೋದರು. ಕಣ್ಣು ಸಾಲದು ಅಂದರು." ಮನೀಶ್ ಸ್ಟೂಲಿನ ಕಡೆ ನೋಡಿದ. "ಅವರು ಹಾಗೆ ಮಾಡುವವರಲ್ಲ."

ಮನೀಶ್ ಕೆಲಸದ ಲಕೋಟೆ ತೆಗೆದುಕೊಟ್ಟ. ಅಳತೆಯ ಚೀಟಿ ಇತ್ತು: ಭುಜದಿಂದ ಬೆರಳಿಗೆ, ಕೆನ್ನೆಯಿಂದ ಕಣ್ಣಿಗೆ. ಮಾದರಿಯ ಫೋಟೋ ಇತ್ತು. ಕಪ್ಪುಬಿಳುಪು. ನಡುವೆ ಸತ್ತ ಹಂದಿ, ಸುತ್ತ ಆರು ಮಂದಿ. ಹಂದಿಯ ಮೇಲೆ ಕಾಲಿಟ್ಟು, ಜೋಡುನಳಿಗೆ ಹಿಡಿದು ನಿಂತವನಿಗೆ ಹದಿನೆಂಟು ಇರಬಹುದು. ಆ ಗದ್ದ ಬುಧವಾರ ಠಾಣೆಯಲ್ಲಿ ಕೂಗಾಡಿದ ಗದ್ದವೇ.

ಮುರಾರಿ ಮೊಬೈಲಿನಲ್ಲಿದ್ದ ಕೋವಿಯ ಚಿತ್ರವನ್ನು ಪಕ್ಕಕ್ಕೆ ಹಿಡಿದು ಎಣಿಸತೊಡಗಿದ. ಎಣಿಸುವುದು ಅವನ ರೋಗ.

"ಮೇಡಂ, ಫೋಟೋದಾಗ ಆರು ಮಂದಿ. ಕೋವಿ ಮ್ಯಾಲ ಏಳು."

ಏಳನೆಯವನು ಎಡಗಡೆಯ ಪೊದೆಯ ಕೆಳಗಿದ್ದ. ಎಲೆಗಳ ನಡುವೆ, ಅಕ್ಕಿಕಾಳಿನಷ್ಟು ದೊಡ್ಡವನು. ಮಲಗಿದ್ದ. ಇನ್ನೂರು ಜನ ಹೊಗಳಿದ ಕೆತ್ತನೆಯಲ್ಲಿ ಅವನನ್ನು ಯಾರೂ ನೋಡಿರಲಿಲ್ಲ.

ಸ್ವರ್ಣಲತಾ ಫೋಟೋವನ್ನು ತಿರುಗಿಸಿದಳು. ಹಿಂದೆ ಮಾಸಿದ ಶಾಯಿಯಲ್ಲಿ, ದೊಡ್ಡಮನೆಯವರ ದುಂಡು ಅಕ್ಷರದಲ್ಲಿ ಬರೆದಿತ್ತು: ಕೆಡ್ಡಸದ ಬೇಟೆ, 11-2-78.

"ಮುರಾರಿ, ಕೋವಿ ನಂಬರ್ ಇನ್ನೊಮ್ಮೆ ಓದಿ."

"ಒಂದು, ಒಂದು, ಎರಡು..." ಮುರಾರಿ ಅಲ್ಲಿಗೆ ನಿಲ್ಲಿಸಿದ. ಉಳಿದೆರಡು ಅಂಕಿ ಫೋಟೋದ ಹಿಂದೆಯೇ ಇದ್ದವು.

*

ಅದೇ ದಿನ ಸಂಜೆ 4.15ಕ್ಕೆ ಶೆಟ್ಟರ ಹೋಟೆಲಿನ ಒಳಕೋಣೆ. ಗಲ್ಲಾದ ಹಿಂದೆ ದೇವರ ಪಟಗಳು, ಅವುಗಳ ಪಕ್ಕದಲ್ಲಿ ಅಪ್ಪನ ಪಟ. ಶೆಟ್ಟರು ಬೇಡವೆಂದರೂ ಎರಡು ಬನ್ಸು, ಕಾಫಿ ತರಿಸಿದರು. ಸ್ವರ್ಣಲತಾ ಫೋಟೋವನ್ನು ಬನ್ಸಿನ ತಟ್ಟೆಯ ಪಕ್ಕ ಇಟ್ಟಳು.

"ಆ ದಿನ ಎಂತ ಆಯ್ತು?"

"ಬೇಟೆ ಆಯ್ತು. ಕೆಡ್ಡಸದ ಹಬ್ಬಕ್ಕೆ ಕಾಡಿಗೆ ಹೋಗುದು ನಮ್ಮ ಮನೆಯ ಕ್ರಮ. ಹಂದಿ ಬಿತ್ತು."

"ಮತ್ತೆ?"

"ಮತ್ತೆ ಎಂತ? ಸೋವಿಗೆ ಬಂದ ಒಬ್ಬನಿಗೆ ಮಧ್ಯಾಹ್ನ ಇನ್ನೊಂದು ಹಂದಿ ತಿವಿಯಿತು. ಪಾಪ, ಹೋದ." ಕಾಡಿನಲ್ಲಿ ಬೊಬ್ಬೆ ಹಾಕಿ ಮೃಗವನ್ನು ಕೋವಿಯ ಕಡೆ ಎಬ್ಬಿಸುವವರು ಸೋವಿನವರು.

"ಹೆಸರು?"

"ಕಾಂತು... ಕಾಂತಪ್ಪನೋ ಏನೋ. ನಲವತ್ತಾರು ವರ್ಷ ಆಯ್ತಮ್ಮ. ಪೊಲೀಸ್ ಬಂದು ಬರ್ಕೊಂಡು ಹೋಗಿದ್ದಾರೆ, ಹಂದಿ ಅಂತ. ಆ ಹೊತ್ತಿಗೆ ಕೋವಿ ನನ್ನ ಕೈಯಲ್ಲಿ ಇರ್ಲೇ ಇಲ್ಲ."

ಸ್ವರ್ಣಲತಾ ಕಾಫಿ ಲೋಟವನ್ನು ಸ್ವಲ್ಪ ಆಚೆ ಸರಿಸಿದಳು.

"ಹಂದಿ ತಿವಿದದ್ದಾದ್ರೆ ಕೋವಿ ಯಾರ ಕೈಯಲ್ಲಿ ಇದ್ರೆ ಎಂತ ಶೆಟ್ರೆ? ನಾನು ಕೇಳ್ಲೂ ಇಲ್ಲ."

ಹೊರಗೆ ಯಾರೋ ಎರಡು ಮಸಾಲೆ, ಒಂದು ಸೆಟ್ ಎಂದು ಕೂಗಿದರು. ಶೆಟ್ಟರು ಅಪ್ಪನ ಪಟದ ಕಡೆ ನೋಡಿದರು, ಅಲ್ಲಿಂದ ಸಹಾಯ ಬರುವುದು ರೂಢಿ ಎಂಬಂತೆ. ಆಮೇಲೆ ಬಹಳ ಮೆಲ್ಲಗೆ ಕೇಳಿದರು:

"ಇದನ್ನೆಲ್ಲ ಬರಿಲಿಕ್ಕುಂಟಾ?"

"ನನ್ನ ಕೇಸು ನಂಬರಿನದ್ದು. ಅದನ್ನು ಅಳಿಸಿದವರು ಗೊತ್ತಾದರು. ನೀವು ಸೋಮವಾರ ಬಂದು ಸಾಕ್ಷಿ ಹೇಳಿಕೆ ಕೊಟ್ರೆ ಸಾಕು. ನಿಮಗೆ ಜೈಲು ಇಲ್ಲ."

ಶೆಟ್ಟರ ಮುಖದಲ್ಲಿ ರಕ್ತ ಮರಳಿತು. ಬನ್ಸು ತಣ್ಣಗಾಗುತ್ತಿದೆ ಎಂದು ನೆನಪಿಸಿದರು.

*

27, ಭಾನುವಾರ, ಬೆಳಿಗ್ಗೆ 8.40. ಡೊಂಬಿವಿಲಿ ಪೂರ್ವ. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ, ಒಂದೂವರೆ ಕೋಣೆ. ದೀಪಾವಳಿಗೆ ಇನ್ನು ನಾಲ್ಕು ದಿನ. ಬಾಲ್ಕನಿಗಳಲ್ಲಿ ಆಕಾಶಬುಟ್ಟಿಗಳು ಏರುತ್ತಿದ್ದವು. ಬಾಗಿಲು ತೆಗೆದದ್ದು ಪೂವಪ್ಪನ ಹೆಂಡತಿ ಅಕ್ಕು. ಅವಳ ಹಿಂದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಕ್ಕದಲ್ಲಿ ಒಂದು ರೆಗ್ಜಿನ್ ಚೀಲ ಇಟ್ಟುಕೊಂಡು ಪೂವಪ್ಪ ಕುರ್ಚಿಯಲ್ಲಿ ಕುಳಿತಿದ್ದ. ವಯಸ್ಸು 66.

"ಹದಿನೈದು ದಿನದಿಂದ ದಿನಾ ಹೀಗೇ ಕೂತ್ಕೊಳ್ಳುದು," ಎಂದಳು ಅಕ್ಕು. "ಎಲ್ಲಿಗೆ ಅಂತ ಕೇಳಿದ್ರೆ ಹೇಳುದಿಲ್ಲ. ನಾನು ಊರಿಗೆ ಅಂತ ಅಂದ್ಕೊಂಡಿದ್ದೆ."

"ಎಫ್‌ಐಆರ್ ಆಯ್ತಾ ಅಮ್ಮಾ?" ಪೂವಪ್ಪ ಕೇಳಿದ.

"ಆಯ್ತು."

"ನಂಬರ್ ಬರೆದಿದ್ದೀರಾ ಅದ್ರಲ್ಲಿ? ಅಳಿಸಿದ್ದಲ್ಲ, ನಾನು ಕೊರೆದದ್ದು?"

"ಎರಡೂ ಬರೆದಿದ್ದೇವೆ."

ಅವನು ತಲೆಯಾಡಿಸಿದ. ಒಂದು ಕೆಲಸವನ್ನು ಒಪ್ಪಿಸಿ, ಗಿರಾಕಿ ಸರಿ ಎಂದಾಗ ಆಡಿಸುವ ತಲೆ ಅದು.

"ಯಾಕೆ ಮಾಡಿದ್ರಿ ಪೂವಪ್ಪಣ್ಣ?"

"ಬರೆಸ್ಲಿಕ್ಕೆ."

ಉಳಿದದ್ದನ್ನು ಅವನು ಅವಸರವಿಲ್ಲದೆ ಹೇಳಿದ. ಸ್ವರ್ಣಲತಾ ಒಂದೊಂದೇ ಪ್ರಶ್ನೆ ಹಾಕಿದಳು, ಮುರಾರಿ ಬರೆದುಕೊಂಡ.

ಕಾಂತಪ್ಪ ಅಣ್ಣ. ಇಪ್ಪತ್ತನಾಲ್ಕು ವರ್ಷ. ಪೂವಪ್ಪನಿಗೆ ಆಗ ಇಪ್ಪತ್ತು. ಇಬ್ಬರೂ ಸೋವಿಗೆ ಹೋಗಿದ್ದರು. ಬೇಟೆ ನಿಷೇಧದ ಕಾಯ್ದೆ ಬಂದು ಆರು ವರ್ಷವಾಗಿತ್ತು. ಪೆರ್ಮಜಾಲಿಗೆ ಅದು ಇನ್ನೂ ತಲುಪಿರಲಿಲ್ಲ. ಮಧ್ಯಾಹ್ನ ಪೊದೆ ಅಲುಗಿದ್ದನ್ನು ಕಂಡು ಸಣ್ಣ ಧನಿಗಳು, ಅಂದರೆ ಜಯಶೀಲ ಶೆಟ್ಟರು, ಎರಡೂ ನಳಿಗೆ ಹಾರಿಸಿದರು. ಪೊದೆಯಲ್ಲಿದ್ದದ್ದು ಕಾಂತಪ್ಪ.

"ಹೆಣ ಹೂಳ್ಲಿಲ್ವಾ? ಹೂತಿದ್ರೆ ಆಮೇಲೆ ತೆಗೆದು ನೋಡ್ಬಹುದಿತ್ತಲ್ಲ."

"ಕೆಡ್ಡಸ ಅಲ್ವಾ ಅಮ್ಮಾ. ಮೂರು ದಿನ ಭೂಮಿತಾಯಿ ಮುಟ್ಟಾಗಿ ಹೊರಗೆ ಕೂತಿರ್ತಾಳೆ, ಮಣ್ಣಿಗೆ ಹಾರೆ ತಾಗಿಸ್ಲಿಕ್ಕಿಲ್ಲ. ದೊಡ್ಡ ಧನಿಗಳು, ಇವರ ಅಪ್ಪ, ಅದನ್ನೇ ಹೇಳಿದ್ರು: ಹೊಂಡ ತೋಡ್ಬಾರ್ದು, ಪಾಪ ಬರ್ತದೆ, ಸುಟ್ಟುಬಿಡಿ. ಸಂಜೆಗೇ ಸುಟ್ರು. ಮಣ್ಣಿಗೆ ಗಾಯ ಮಾಡ್ಲಿಲ್ಲ, ನೋಡಿ, ಅಷ್ಟು ಶಾಸ್ತ್ರ."

"ಪೊಲೀಸರು?"

"ಮರುದಿನ ಬಂದ್ರು. ಹಂದಿ ತಿವಿದು ಸತ್ತ ಅಂತ ಮಹಜರು ಬರೆದ್ರು. ಸಹಿ ಬೇಕಿತ್ತು. ಸೋವಿನವರಲ್ಲಿ ಎಂಟನೇ ಕ್ಲಾಸ್ ಓದಿದವ ನಾನೊಬ್ಬ." ಪೂವಪ್ಪ ತನ್ನ ಬಲಗೈಯನ್ನು ಮಡಿಲಲ್ಲಿ ಮಗುಚಿ ಇಟ್ಟ. "ಹಾಕಿದೆ. ಓದಿಯೇ ಹಾಕಿದೆ. ಓದ್ದೆ ಹಾಕಿದ್ದೇನೆ ಅಂತ ಇಷ್ಟು ವರ್ಷ ನನಗೇ ಹೇಳ್ಕೊಂಡದ್ದು."

"ಯಾರು ಹೆದರಿಸಿದ್ರು?"

"ಯಾರೂ ಇಲ್ಲ. ವಾರದ ಮೇಲೆ ದೊಡ್ಡ ಧನಿಗಳು ಒಂದು ಕಾಗದ ಕೊಟ್ರು, ಬೊಂಬಾಯಿಯ ಕೋವಿ ಅಂಗಡಿಯ ಸೇಠ್‌ಗೆ. ಅವರ ಕೋವಿ ರಿಪೇರಿಗೆ ಅಲ್ಲಿಗೇ ಬರ್ತಿತ್ತು. ಕೆಲಸ ಸಿಕ್ಕಿತು. ಈ ಕೆತ್ತುದು, ಈ ಮನೆ, ಇವಳ ಕುತ್ತಿಗೆಯ ಕರಿಮಣಿ, ಎಲ್ಲ ಆ ಸಹಿಯಿಂದ ಬಂದದ್ದು."

ಅಕ್ಕುವಿನ ಕೈ ಕುತ್ತಿಗೆಗೆ ಹೋಯಿತು. ಅಲ್ಲಿಯೇ ನಿಂತಿತು.

ಜೂನಿನಲ್ಲಿ ಶೆಟ್ಟರು ಅಳತೆ ಕೊಡಲಿಕ್ಕೆ ವರ್ಕ್‌ಶಾಪಿಗೆ ಬಂದಿದ್ದರು. ಟೇಪು ಹಿಡಿದವನು ಪೂವಪ್ಪ. ಭುಜದಿಂದ ಟ್ರಿಗರ್ ಎಳೆಯುವ ಬೆರಳಿನ ತನಕ ಅಳೆದ. ಕೋವಿಯ ಮರ ಗಿರಾಕಿಯ ಮೈಗೆ ಹೊಂದಬೇಕಾದರೆ ಅವರನ್ನು ದರ್ಜಿಗಿಂತ ಹತ್ತಿರದಿಂದ ಮುಟ್ಟಬೇಕು.

"ಗುರುತು ಸಿಗ್ಲಿಲ್ವಾ ಅವರಿಗೆ?"

"ಮೇಜಿನ ಮೇಲೆ ನೋಡಿದ್ದು ಕೋವಿಯನ್ನು. ನನ್ನತ್ರ ಹಿಂದಿಯಲ್ಲಿ, ಜರಾ ಜಲ್ದೀ ಕರೋ ಅಂದ್ರು. ನಿಮ್ಮತ್ರ ಊರು ಕೇಳಿದ್ರಾ ಅಮ್ಮಾ?"

"ಕೇಳಿದ್ರು. ಮೊದಲೇ."

"ಎಲ್ಲರತ್ರ ಕೇಳ್ತಾರೆ. ಮನೀಶ್ ಸೇಠ್ ನನ್ನನ್ನು ಹೆಸರು ಹಿಡಿದು ಕರೆದ್ರು ಅವರ ಎದುರೇ. ಪೂವಪ್ಪ ಅಂದ್ರೆ ಎಲ್ಲಿಯವ ಅಂತ ಗೊತ್ತಾಗ್ಬೇಕಲ್ಲ. ಆದ್ರೂ ಕೇಳ್ಲಿಲ್ಲ." ಅವನು ಚೀಲದ ಹಿಡಿಯನ್ನು ನೆಟ್ಟಗೆ ಮಾಡಿದ. "ಕೇಳಿದ್ರೆ ಪೆರ್ಮಜಾಲು ಅಂತಿದ್ದೆ. ಕಾಂತಪ್ಪನ ತಮ್ಮ ಅಂತಿದ್ದೆ. ಹೌದಾ ಮಾರಾಯಾ, ಅಂತ ಒಂದು ಮಾತು ಬಂದಿದ್ರೆ ನಾನು ನಂಬರ್ ಮುಟ್ತಿರ್ಲಿಲ್ಲ. ಅವರು ನನ್ನ ಕೈಗೆ ಆ ದಿನದ ಫೋಟೋ ಕೊಟ್ಟು, ಹಂದಿಯ ರೋಮ ರೋಮ ಬರ್ಬೇಕು ಅಂದ್ರು."

"ಕೋವಿ ನಾಲ್ಕು ತಿಂಗಳು ನಿಮ್ಮ ಕೈಯಲ್ಲಿತ್ತು. ಬೇರೆ ಏನಾದ್ರೂ ಮಾಡ್ಬಹುದಿತ್ತು."

"ಹಾರಿಸಿದವನ ಮುಖಕ್ಕೇ ಸಿಡಿಯುವ ಹಾಗೆ ಮಾಡ್ಲಿಕ್ಕೆ ನನಗೆ ಅರ್ಧ ದಿನ ಬೇಡ. ಅದು ಯಾಕೆ? ಅದನ್ನೂ ಆಕಸ್ಮಿಕ ಅಂತ ಬರೀತಾರೆ. ಚುನಾವಣೆ ಬರ್ತದೆ, ಕೋವಿ ಠಾಣೆಗೆ ಹೋಗ್ತದೆ, ಒಬ್ಬ ಪೊಲೀಸ್ ನಂಬರ್ ಓದ್ತಾನೆ ಅಂತ ಗೊತ್ತಿತ್ತು. ಧನಿಗಳ ಎದುರು ಗಟ್ಟಿಯಾಗಿ ಓದ್ತಾನೋ ಇಲ್ವೋ, ಅದು ಗೊತ್ತಿರ್ಲಿಲ್ಲ."

ಮುರಾರಿ ಪೆನ್ನಿನ ಕ್ಯಾಪು ಹಾಕಿ, ತೆಗೆದು, ಮತ್ತೆ ಹಾಕಿದ. "ಓದೀನ್ರಿ ಕಾಕಾ," ಎಂದ. "ಗಟ್ಟ್ಯಾಗೇ ಓದೀನಿ."

9.50ಕ್ಕೆ ಜಪ್ತಿ ಪಂಚನಾಮೆ. ಒಂದು ಡಬ್ಬಿ, ಒಳಗೆ ಕೆತ್ತನೆಯ ಉಳಿಗಳು ಹನ್ನೊಂದು, ಕಣ್ಣಿಗೆ ಹಾಕುವ ಮಸೂರ ಒಂದು. ಪಂಚ ಸಾಕ್ಷಿಗಳಾಗಿ ಕೆಳಮಹಡಿಯ ದರ್ಜಿ ಯೋಗೀಶ್, ಎದುರು ಮನೆಯ ಸತ್ಯಮ್ಮ. ಯೋಗೀಶ್‌ಗೆ ಹಬ್ಬದ ಹೊಲಿಗೆ ಬಾಕಿ ಇತ್ತು; ಬರುತ್ತಲೇ ಪೆನ್ನು ಕೇಳಿದ.

"ನಮ್ಮ ಪೂವಪ್ಪಣ್ಣನದ್ದಲ್ವಾ? ಎಲ್ಲಿ ಹಾಕ್ಬೇಕು ಹೇಳಿ."

"ಓದು ಯೋಗೀಶಾ," ಎಂದ ಪೂವಪ್ಪ.

"ಮರಾಠಿ ಉಂಟು ಮಾರಾಯ್ರೆ, ಗೀಚಿದ್ದು ಬೇರೆ. ಯಾರಿಗೆ ಅರ್ಥ ಆಗ್ತದೆ?"

"ಹಾಗಾದ್ರೆ ಓದಿಸಿ ಕೇಳು. ಕೇಳದೆ ಹಾಕ್ಬೇಡ. ಹೊಲಿಗೆ ಓಡಿ ಹೋಗುದಿಲ್ಲ."

ಮುರಾರಿ ಎರಡು ಪುಟದ ಪಂಚನಾಮೆಯನ್ನು ಓದಿ, ಸಾಲು ಸಾಲಾಗಿ ನಿಪ್ಪಾಣಿ ಕನ್ನಡದಲ್ಲಿ ಹೇಳಿದ. ಸತ್ಯಮ್ಮ ನಡುವೆ ಎರಡು ಕಡೆ ತಪ್ಪು ತೋರಿಸಿದಳು: ಉಳಿ ಹನ್ನೊಂದಲ್ಲ, ಹತ್ತು; ಬಾಗಿಲು ಇರುವುದು ಪೂರ್ವಕ್ಕಲ್ಲ, ಉತ್ತರಕ್ಕೆ. ತಿದ್ದಿ ಸಹಿಯಾಗುವಾಗ 10.35. ಅಷ್ಟು ಸರಿಯಾದ ಪಂಚನಾಮೆಯನ್ನು ತಾನು ಇಪ್ಪತ್ತೇಳು ವರ್ಷದಲ್ಲಿ ಬರೆದಿಲ್ಲ ಎಂದು ಮುರಾರಿ ಆಮೇಲೆ ಜೀಪಿನಲ್ಲಿ ಹೇಳಿದ.

10.40ಕ್ಕೆ ಬಂಧನ. ಬಂಧನದ ಮಾಹಿತಿ ಪತ್ರಕ್ಕೆ ಹೆಂಡತಿಯ ಸಹಿ ಬೇಕಿತ್ತು. ಅಕ್ಕು ಪೆನ್ನು ಹಿಡಿದು ಗಂಡನ ಮುಖ ನೋಡಿದಳು.

"ನಲವತ್ತು ವರ್ಷ ಒಟ್ಟಿಗೆ ಇದ್ದೆ," ಎಂದಳು. "ನನಗೆ ಹೇಳ್ಲಿಲ್ಲ. ಕಬ್ಬಿಣಕ್ಕೆ ಹೇಳಿದ್ರಿ."

ಪೂವಪ್ಪ ಕುರ್ಚಿಯಿಂದ ಎದ್ದ. ಚೀಲ ಎತ್ತಿಕೊಂಡು ಮೆಟ್ಟಿಲಿಳಿದ.

*

ಉಳಿದದ್ದು ಕಡತದಲ್ಲಿದೆ. ಪ್ರಯೋಗಾಲಯದವರು ಪಟ್ಟಿಗೆ ಆಮ್ಲ ಹಚ್ಚಿ 40231ರ ನೆರಳನ್ನು ಎಬ್ಬಿಸಿದರು. ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ, ವಕೀಲ ಬೇಡವೆಂದಿದ್ದಾನೆ, ಸರ್ಕಾರವೇ ಒಬ್ಬರನ್ನು ಕೊಟ್ಟಿದೆ. ಜಯಶೀಲ ಶೆಟ್ಟರು ಒಂದನೇ ಸಾಕ್ಷಿ. ಅವರ ಹೇಳಿಕೆ ಒಂದು ಪುಟ. ಅದರಲ್ಲಿ ಹಂದಿಯೂ ಇಲ್ಲ.

ಊರಿನ ಠಾಣೆಗೆ ಸ್ವರ್ಣಲತಾ ಬರೆದ ಪತ್ರಕ್ಕೆ ನವೆಂಬರ್ 29ರಂದು ಉತ್ತರ ಬಂತು. 1978ರ ಅಸ್ವಾಭಾವಿಕ ಮರಣದ ಕಡತಗಳನ್ನು ನಿಯಮಾನುಸಾರ ನಾಶಪಡಿಸಲಾಗಿದೆ. ಪೂವಪ್ಪ ನಲವತ್ತಾರು ವರ್ಷ ಹೊತ್ತ ಸಹಿಯನ್ನು ಇಲಾಖೆ ಎಂದೋ ಗುಜರಿಗೆ ಹಾಕಿತ್ತು.

ಡಿಸೆಂಬರ್ 20ರಂದು ಆರೋಪಪಟ್ಟಿ ತಯಾರಾಯಿತು. ಅಪರಾಧದ ಉದ್ದೇಶ ಎಂಬಲ್ಲಿ ಸ್ವರ್ಣಲತಾ ಹನ್ನೆರಡು ಸಾಲು ಬರೆದಿದ್ದಳು. ಸೀನಿಯರ್ ಸಾಹೇಬರು ಓದಿ, ಇದರಲ್ಲಿ ನಮ್ಮ ಠಾಣೆಯ ಸರಹದ್ದಿನದು ಯಾವುದೂ ಇಲ್ಲವೆಂದು ಹೇಳಿ, ಹನ್ನೆರಡನ್ನೂ ಹೊಡೆದು, "ಗಿರಾಕಿಯ ಮೇಲಿನ ವೈಮನಸ್ಯ" ಎಂದು ಬರೆದರು. ನಂಬರನ್ನು ಮಾತ್ರ ಯಾರೂ ಹೊಡೆಯುವಂತಿರಲಿಲ್ಲ. ಎಫ್‌ಐಆರ್, ಪಂಚನಾಮೆ, ಪ್ರಯೋಗಾಲಯದ ಪತ್ರ, ರಿಮಾಂಡು ಅರ್ಜಿ, ಆರೋಪಪಟ್ಟಿ, ಎಲ್ಲ ಸೇರಿ ಅದು ಹದಿನೇಳು ಕಡೆ ಇತ್ತು.

ಚುನಾವಣೆ ಮುಗಿದು ಬಿಲ್ಡರುಗಳು ತಮ್ಮ ಚೀಲಗಳನ್ನು ಬಿಡಿಸಿಕೊಂಡು ಹೋದರು. ಜೋಡುನಳಿಗೆ ಜಪ್ತಿಯಾದ ವಸ್ತುಗಳನ್ನಿಡುವ ಮುದ್ದೆಮಾಲಿನ ಕೋಣೆಯಲ್ಲಿ ಉಳಿಯಿತು. ವರ್ಷದ ಕೊನೆಯ ದಿನ ಮುರಾರಿ ಹೊಸ ಚೀಟಿ ಕಟ್ಟಲು ಅದನ್ನು ಹೊರಗೆ ತಂದ. ಕುಂಕುಮ ಇನ್ನೂ ಕೆತ್ತನೆಯ ಗೆರೆಗಳಲ್ಲಿ ಕುಳಿತಿತ್ತು. ಪೊದೆಯ ಕೆಳಗೂ ಒಂದಿಷ್ಟು.

"ಒಂದು, ಒಂದು," ಎಂದು ಓದಿ ಅವನು ಪೆನ್ನು ನಿಲ್ಲಿಸಿದ. "ಮೇಡಂ, ನಡುವ ಗೆರಿ ಹಾಕ್ಲೇನ್ರಿ? ಫೋಟೋದ ಹಿಂದ ಇತ್ತಲ್ರಿ, ಹಂಗ?"

ಪಕ್ಕದ ಮೇಜಿನಲ್ಲಿದ್ದ ಸ್ವರ್ಣಲತಾ ತಲೆಯೆತ್ತಿದಳು.

"ಕೋವಿ ಮೇಲೆ ಗೆರೆ ಉಂಟಾ?"

"ಇಲ್ರಿ."

"ಹಾಗಾದ್ರೆ ಬೇಡ. ಇದ್ದ ಹಾಗೇ ಬರೀರಿ." ಅವಳು ಮತ್ತೆ ಕಾಗದದ ಮೇಲೆ ಬಗ್ಗಿದಳು. "ಗಟ್ಟಿಯಾಗಿ ಓದಿ ಬರೀರಿ."